ಅಪ್ಪನ ಕಾಲು, ಬೂಸ್ಟರಿನ ರಬ್ಬರು

ಬುಧವಾರ, ತಾರೀಖು ಹನ್ನೆರಡು. ರಾತ್ರಿ.

ಈ ಕತೆಯನ್ನು ಮೊದಲು ಹೇಳಿದವರು ಬಾವ, ನಿನ್ನೆ ಸಂಜೆ ಚಹಾದ ಹೊತ್ತಿಗೆ. ಅಪ್ಪನ ಹಳೇ ಕಾರು ಗೇಟಿಗೆ ಗುದ್ದುವುದರಲ್ಲಿತ್ತಂತೆ, ಕೂದಲೆಳೆ ಅಂತರದಲ್ಲಿ ನಿಂತಿತಂತೆ. "ಮಾವನ ಕಾಲಲ್ಲಿ ಕಸುವಿಲ್ಲ ಬಿಡಿ, ಕಾರು ಮಾರಿಬಿಡೋಣ" ಎಂದರು. ಅಮ್ಮ ಕೀಲಿ ಬಚ್ಚಿಟ್ಟಳು. ಮಾತಿಗೆ ಮಾತು ಕೊಡುವ ಅಪ್ಪ ತುಟಿ ಬಿಚ್ಚಲಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು.

ಬೆಳಿಗ್ಗೆ ಅಮ್ಮನನ್ನು ಕಾಡಿ ಕೀಲಿ ಪಡೆದೆ. ಕಾರು ಚಾಲೂ ಮಾಡಿ ಬ್ರೇಕ್ ಒತ್ತಿದರೆ ಕಲ್ಲು! ಎರಡೂ ಕಾಲು ಊರಿದರೂ ಬೆರಳಗಲ ಇಳಿಯಲಿಲ್ಲ. ಬಾನೆಟ್ ಎತ್ತಿದರೆ ಬೂಸ್ಟರ್ ಬುಸುಗುಡುತ್ತಿತ್ತು. ಒತ್ತುವ ಕಾಲಿಗೆ ಎಂಜಿನ್ನಿನ ಬಲ ಕೂಡಿಸುವ ಡಬ್ಬಿ ಅದು. ಒಳಗಿನ ರಬ್ಬರು ಹರಿದುಹೋಗಿತ್ತು. ಪೇಟೆಯಿಂದ ಹೊಸ ಡಬ್ಬಿ ತಂದು, ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಕೂರಿಸುವಷ್ಟರಲ್ಲಿ ನನ್ನ ಬೆನ್ನು ಬಿದ್ದೇ ಹೋಯಿತು.

ಅಪ್ಪ ಕೂತು ಒತ್ತಿದರು. ಪೆಡಲ್ ಸರಾಗ ಇಳಿಯಿತು, ಅವರ ಮುಖವೂ ಇಳಿಯಿತು.

"ಹಾಗಾದ್ರೆ ಇಷ್ಟು ವರ್ಷ ಕಾರು ನಿಲ್ಲಿಸಿದ್ದು ನನ್ನ ಕಾಲಲ್ಲ, ಈ ಡಬ್ಬಿ ಅನ್ನು."

"ಡಬ್ಬಿ ಸತ್ತು ತಿಂಗಳುಗಳೇ ಆಗಿವೆ ಅಪ್ಪ. ಆವಾಗಿಂದ ನಿಲ್ಲಿಸ್ತಿರೋದು ನಿಮ್ಮ ಕಾಲೇ. ಎರಡು ಕಾಲು ಹಾಕಿದ್ರೂ ನನ್ನ ಕೈಲಾಗ್ಲಿಲ್ಲ."

ಅಪ್ಪ ಪೆಡಲನ್ನು ಇನ್ನೊಮ್ಮೆ ಒತ್ತಿದರು. ಆಮೇಲೆ ಜಗಲಿಯಲ್ಲಿ ನಿಂತು ನೋಡುತ್ತಿದ್ದ ಬಾವನ ಕಡೆ ನೋಡುತ್ತಲೇ ನನಗೆ ಹೇಳಿದರು: "ಹಳೇದನ್ನೇ ಮತ್ತೆ ಹಾಕೋ. ಅಳಿಯಂದಿರೂ ಒಂದ್ಸಲ ಒತ್ತಿ ನೋಡ್ಲಿ."

ಬಾವ ಚಪ್ಪಲಿ ಮೆಟ್ಟಿ ಹೊರಟರು. ಅಪ್ಪ ಹೇಳಿದ್ದು ತಮಾಷೆಗೋ ನಿಜಕ್ಕೋ, ಕೇಳುವ ತ್ರಾಣವೂ ನನಗೆ ಉಳಿದಿರಲಿಲ್ಲ.