ಹೆಸರಿಲ್ಲದ ಪುಡಿ

ನೇಸರಗಿ
ಸೋಮವಾರ, ೧೦ ನವೆಂಬರ್ ೨೦೨೫

ಗಂಗಾ,

ಮೊದಲ ಬೈತೇನಿ, ಆಮ್ಯಾಲೆ ಆಶೀರ್ವಾದ ಮಾಡತೇನಿ. ಎಷ್ಟ ಸೊಕ್ಕ ಬಂದೈತಿ ನಿನಗ? ರಾಮದುರ್ಗದಾಗ ಬಸ್ ಹತ್ತಿದ್ರ ಸುರೇಬಾನ ಎಷ್ಟ ದೂರ? ಎರಡು ತಿಂಗಳಾತು, ಹೆತ್ತ ತಾಯಿ ಮನಿ ಹೊಸ್ತಲಾ ತುಳಿದಿಲ್ಲ. ದೀಪಾವಳಿಗೂ ಹೋಗಲಿಲ್ಲ. ಅಕಿನ್ನ ಹೆತ್ತಾಕಿ ನನಗ ಮಾತ್ರ ದಿನಾ ಫೋನು: "ಆಯಿ, ಗುಳಿಗಿ ತಗೊಂಡ್ಯಾ? ಆಯಿ, ಬಿ.ಪಿ. ಎಷ್ಟೈತಿ?" ನಿಮ್ಮವ್ವನ ಮಾತ ತಗದ್ರ "ಮೆಡಿಕಲ್ ಅಂಗಡಿಗೆ ಗಿರಾಕಿ ಬಂದಾರ" ಅಂತ ಫೋನ್ ಇಡತಿ. ನಾ ಆ ಮಾತ ತಗದಾಗನ ರಾಮದುರ್ಗದ ಮಂದಿಗೆಲ್ಲಾ ಜಡ್ಡ ಬರತಾವೇನ? ಅದಕ್ಕ ಪತ್ರಾ ಬರಿಯಾಕ ಹತ್ತೇನಿ. ಪತ್ರಾ ನಡುವ ಕಟ್ ಮಾಡಾಕ ಬರೂದಿಲ್ಲ.

ತಡಾ ಆತು ಅಂತ ಬ್ಯಾಸರ ಮಾಡ್ಕೋಬ್ಯಾಡ. ನಾಕನೇತ್ತೆ ಕಲತ ಕೈ ಇದು, ನಾಕ ದಿನದಿಂದ ಬರಿಯಾಕ ಹತ್ತೇತಿ. ಒತ್ತಕ್ಷರ ತಪ್ಪಿದ್ರ ನಗಬ್ಯಾಡ. ಪೆನ್ನು ನಿಮ್ಮ ಮಾವ ಕಲ್ಮೇಶಂದು. ಅದೂ ಅವನಂಗನ, ನಾಕ ಸಲ ಝಾಡಿಸಿದ್ರ ಒಂದ ಸಲ ಕೆಲಸಾ ಮಾಡತೈತಿ.

ನಾ ಆರಾಮ ಅದೇನಿ. ಬುಟ್ಟಿಯಂಗ ಉಬ್ಬಿದ್ದ ಮಾರಿ ಇಳದೈತಿ. ಒಂದೂವರಿ ವರ್ಷ ಓಣ್ಯಾಗಿನ ಮಂದಿ "ಚನ್ನವ್ವ ಮೈ ತುಂಬಿಕೊಂಡಾಳ, ಸ್ವಸಿ ಚೊಲೊ ನೋಡ್ಕೋತಾಳ" ಅಂತಿದ್ರು. ಈಗ "ಯಾಕ ಸೊರಗೀ ಬೇ?" ಅಂತಾರ. ಪಾಪ, ರಾಜೇಶ್ವರಿ ಹೆಸರ ಸುಮ್ಮನ ಕೆಟ್ಟೈತಿ. ಡಾಕ್ಟರ್ ಗುಳಿಗಿ ಇಷ್ಟಿಷ್ಟ ಕಮ್ಮಿ ಮಾಡ್ಕೋತ ಬಂದಾರ. ಮೊಣಕಾಲ ನೋವು ತಿರುಗಿ ಬಂದೈತಿ, ಖರೆ. ಆದ್ರ ಅದು ಹಳೇ ಗುರತಿನ ನೋವು, ಮಾತಾಡಿಸಿಕೋತ ಇರತೇನಿ.

ಪಂಚಮಿಗೆ ನೀ ನಿಮ್ಮವ್ವನ ಕೂಡ ಬಂದಾಗ ಜೋಕಾಲಿ ಮ್ಯಾಲೆ ಕುಂತು ಹೇಳಿದ್ದಿ, "ಮಾಡಿದಾವರ ಹೆಸರಿಲ್ಲ, ಒಳಗ ಏನೈತಿ ಅಂತ ಬರದಿಲ್ಲ ಅಂದ್ರ, ದೇವರ ಕೊಟ್ರೂ ಬಾಯಾಗ ಹಾಕ್ಕೋಬ್ಯಾಡ್ರಿ." ನಾ "ಗಿಡಮೂಲಿಕಿ ಔಷಧಕ್ಕ ಏನ ಧಾಡಿ?" ಅಂದೆ. ನೀ ಬಿಟ್ಟೇನ? "ವಿಷದ ಮದಗುಣಕಿನೂ ಗಿಡಾನ ಐತಿ ಬೇ ಆಯಿ, ಅರದು ಕುಡೀತಿಯೇನ?" ಎಲ್ಲಾರೂ ನಕ್ರು. ನಾ ನಗಲಿಲ್ಲ. ಮೊಣಕಾಲ ನೋವಿನ ಪುಡಿ ಡಬ್ಬಿ ಆಗಲೇ ನನ್ನ ಟ್ರಂಕಿನ್ಯಾಗಿತ್ತು. ಪ್ಯಾಕೀಟಿನ ಮ್ಯಾಲೆ ಒಂದು ಎಲಿ ಚಿತ್ರ, "ಪೂರಾ ನೈಸರ್ಗಿಕ" ಅಂತ ಒಂದ ಸಾಲು. ಹೆಸರಿಲ್ಲ, ಊರಿಲ್ಲ. ಆದ್ರ ತಗೊಂಡ ಮೂರನೇ ದಿನಾನ ಮೊಣಕಾಲ ಮಡಚಿ ಕುಂತಿದ್ದೆ. ನೋವು ಅಷ್ಟ ಲಗೂ ಹೋದ್ರ ಯಾರ ಪ್ರಶ್ನಿ ಕೇಳತಾರ?

ಸೆಪ್ಟೆಂಬರಿನ್ಯಾಗ ಡಬ್ಬಿ ತಳಾ ಕಂಡಿತು. ಮತ್ತ ಸಿಗಲಿಲ್ಲ, ಒಮ್ಮೆಲೆ ಬಿಟ್ಟೆ. ನಾಕನೇ ದಿನಾ ಬಚ್ಚಲದಾಗ ಬಿದ್ದೆ. ವಾಂತಿ, ಕಣ್ಣಿಗಿ ಕತ್ತಲಿ, ಕೈಕಾಲಾಗ ಜೀವ ಇಲ್ಲ. ಕಲ್ಮೇಶ "ಪಿತ್ತಾ ಆಗೇತಿ" ಅಂತ ನಿಂಬಿಹಣ್ಣ ಹಿಂಡಾಕ ಕುಂತಾ. ಆವತ್ತ ನೀ ಬರಬೇಕಂತ ಇತ್ತು, ಬಂದಿ. ನನ್ನ ಮಾರಿ ನೋಡಿದಿ, ತೋಳಿನ ಮ್ಯಾಲಿನ ನೀಲಿ ಕಲಿ ನೋಡಿದಿ. "ಆಯಿ, ಏನ ತಿನ್ನಾಕ ಹತ್ತಿದ್ದಿ?" ಅಂದಿ. ನಾ "ಏನಿಲ್ಲ" ಅಂದೆ. ನೀ ನನ್ನ ಮಾತ ನಂಬಲಿಲ್ಲ, ಅದಕ್ಕ ನಾ ಬದುಕಿದೆ. ಟ್ರಂಕ ತಗದು ಖಾಲಿ ಪ್ಯಾಕೀಟ ಹುಡುಕಿ ಚೀಲದಾಗ ಹಾಕ್ಕೊಂಡಿ. ಬೈಲಹೊಂಗಲದ ದವಾಖಾನ್ಯಾಗ ಡಾಕ್ಟರ್ ಅದನ್ನ ನೋಡಿದ ಮ್ಯಾಲೆನ ಸರಿಯಾದ ಸೂಜಿ ಬಿತ್ತು. "ಇಂಥಾ ಪುಡಿಯೊಳಗ ಸ್ಟಿರಾಯ್ಡ್ ಕೂಡಸತಾರರಿ ಅಜ್ಜಿ, ಮಾರಿ ಉಬ್ಬಿದ್ದು ಅದರಿಂದನ. ಬಹಳ ದಿನಾ ತಿಂದು ಒಮ್ಮೆಲೆ ಬಿಟ್ರ ಹಿಂಗ ಜೀವಕ್ಕ ಬರತೈತಿ. ಮೊಮ್ಮಗಳು ಈ ಪ್ಯಾಕೀಟ ತರಲಿಲ್ಲಂದ್ರ ನಾವೂ ಪಿತ್ತಾ ಅಂತಿದ್ವೇನೋ" ಅಂದ್ರು.

ನನ್ನ ಉಸಿರು ನೀ ಕೊಟ್ಟದ್ದು, ಮಗಳ. ದಿನಾ ಮುಂಜಾನಿ ಈಬತ್ತಿ ಹಚ್ಚಿಕೊಳ್ಳುವಾಗ ದೇವರ ಹೆಸರಿನ ಹಿಂದ ನಿನ್ನ ಹೆಸರ ತಗೋತೇನಿ. ದೇವರು ಇಲ್ಲೀತನಕ ಸಿಟ್ಟಾಗಿಲ್ಲ.

ಆದ್ರ ಅದ ದವಾಖಾನ್ಯಾಗ ಡಾಕ್ಟರ್ "ಪುಡಿ ಯಾರ ಕೊಟ್ರು?" ಅಂದಾಗ ನಾ "ಮಗಳು ನೀಲಾ ತಂದು ಕೊಡತಾಳರಿ" ಅಂದೆ. ಸುರೇಬಾನದಿಂದ ಉಟ್ಟ ಸೀರ್ಯಾಗ ಓಡಿ ಬಂದಿದ್ದ ನಿಮ್ಮವ್ವ ನನ್ನ ಕಾಲ ಕಡೆ ನಿಂತಿದ್ಲು. ನೀ ಮಂದಿ ಮುಂದ "ಮೆಡಿಕಲ್ ಅಂಗಡ್ಯಾಗ ದುಡಿಯೋ ಮಗಳ ಮಾತು ನಿನಗ ಕಸಾ ಆತೇನವ್ವಾ? ಆಯೀನ್ನ ಕೊಂದ ಬಿಡತಿದ್ದಿ" ಅಂದಿ. ಅಕಿ ಸೆರಗು ಬಾಯಿಗಿ ಹಿಡಕೊಂಡು ನಿಂತ್ಲು. ಆವತ್ತಿಂದ ನೀ ಅಕಿ ಕೂಡ ಮಾತ ಬಿಟ್ಟಿ.

ಇರಲಿ, ಸ್ವಲ್ಪ ಚೊಲೊ ಸುದ್ದಿ ಕೇಳು. ಪುಡಿ ಕೂಡ ಪಥ್ಯದ ಚೀಟಿ ಬಂದಿತ್ತಲ್ಲ, ಬದನಿಕಾಯಿ ನಂಜು, ಶೇಂಗಾ ನಂಜು, ಮೊಸರು ನಂಜು ಅಂತ. ನಾ ಅಷ್ಟೂ ಬಿಟ್ಟಿದ್ದೆ, ಮನಿ ಮಂದಿಗೂ ಬಿಡಿಸಿದ್ದೆ. ಹ್ವಾದ ಸೋಮವಾರ ಡಾಕ್ಟರ್‌ನ ಕೇಳಿದೆ. "ಬದನಿಕಾಯಿಲೆ ಎಲ್ಲಾರಿಗೂ ಬಾವು ಬರತೈತಿ ಅಂತ ಹೇಳಾಕ ಬರೂದಿಲ್ಲರಿ. ತಿಂದು ನೋಡ್ರಿ. ನೋವು ಹೆಚ್ಚಾದ್ರ ಬಿಡ್ರಿ. ಮೊದಲ ಹೇಳ್ರಿ, ಚಹಾದ ಕೂಡ ಏನ ತಿಂತೀರಿ?" ಅಂದ್ರು. ನಾ ಹೇಳೂದರಾಗ ರಾಜೇಶ್ವರಿ ಹೇಳಿಬಿಟ್ಲು, "ಬ್ಯಾಕರಿ ಖಾರಿ, ಟೋಸ್ಟ್, ಸಂಜೀಕ ಮಿರ್ಚಿಭಜಿ. ಚಹಾಕ್ಕ ಮೂರ ಚಮಚೆ ಸಕ್ಕರಿ." ಡಾಕ್ಟರ್ ನಕ್ಕು, "ಬಾವಿಗಿ ಇಂಬು ಕೊಡೂವು ಇವು ಅದಾವರಿ, ಇವನ್ನ ಬಿಡ್ರಿ" ಅಂದ್ರು. ರಾಜೇಶ್ವರಿ ಹಾದಿ ತುಂಬ ಗೊಣಗಿದ್ಲು, "ನಿಮ್ಮ ಸಲುವಾಗಿ ಒಂದೂವರಿ ವರ್ಷ ಬದನಿಕಾಯಿ ಮಾರಿ ನೋಡಿಲ್ಲರಿ ಅತ್ತಿ."

ಅವತ್ತ ಅಕಿ ಎಣ್ಣಿ ಕಡಿಮಿ ಹಾಕಿ ಎಣಗಾಯಿ ಮಾಡಿದ್ಲು, ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೊದಲ ತುತ್ತಿಗೇ ಕಣ್ಣಾಗ ನೀರ ಬಂತು. "ಖಾರ ಆತೇನ್ರಿ?" ಅಂದ್ಲು. "ಹೌದವಾ" ಅಂದೆ. ಖಾರ ಆಗಿರಲಿಲ್ಲ. ಎಂಟು ದಿನಾತು, ಮೊಣಕಾಲು ಎಷ್ಟಿತ್ತೋ ಅಷ್ಟ ಐತಿ.

ಬಾಜೂ ಮನಿ ಮುತ್ತಪ್ಪ ನಿನ್ನಿ ಒಂದು ಬಾಟ್ಲಿ ಹಿಡಕೊಂಡು ಬಂದಿದ್ದ. "ಕಾಕು, ಅರಿಷಿಣದ ಗುಳಿಗಿ. ಬರೇ ಅರಿಷಿಣ. ವಾತಕ್ಕ ರಾಮಬಾಣ" ಅಂದಾ. "ಸಾರಿನ್ಯಾಗ ಹಾಕೂ ಅರಿಷಿಣ ನನಗ ಸಾಕು. ನಾ ರಕ್ತದೊತ್ತಡದ ಗುಳಿಗಿ ತಿಂತೇನಿ, ಗಂಗಾನ್ನ ಕೇಳಲಾರದ ಹೊಸಾದು ಏನೂ ಮುಟ್ಟೂದಿಲ್ಲ. ಮಾಡಿದಾವರ ಹೆಸರ ಎಲ್ಲೈತಿ ತೋರಸು" ಅಂದೆ. ಬಾಟ್ಲಿ ಹೊಳ್ಳಿಸಿ ಹೊಳ್ಳಿಸಿ ನೋಡಿದಾ. "ತನ್ನ ಹೆಸರ ಹೇಳಾಕ ಅಂಜೂ ಔಷಧ ನಿನ್ನ ಹೊಟ್ಟಿಯೊಳಗ ಖರೇ ಕೆಲಸಾ ಮಾಡತೈತೇನೋ?" ಅಂದೆ. ಅವ ಹೋದ ಮ್ಯಾಲೆ ಈ ಪತ್ರಾ ಮತ್ತ ಮುಂದ ಎಳಕೊಂಡೆ.

ನೂರು ವರ್ಷ ಬಾಳು. ನಿನ್ನ ಕೈಗುಣ ಊರ ತುಂಬ ಹಬ್ಬಲಿ. ನಿನ್ನಂಥಾ ಮೊಮ್ಮಗಳನ್ನ ಹೆತ್ತ ಹೊಟ್ಟಿ ತಣ್ಣಗಿರಲಿ.

ನಿನ್ನ ಆಯಿ,
ಚನ್ನವ್ವ

ತಾ.ಕ.: ನಾಕ ದಿನಾ ಹಿಡದದ್ದು ಮ್ಯಾಲಿಂದು ಬರಿಯಾಕಲ್ಲ, ಇದನ್ನ ಬರಿಯಾಕ. ಆ ಪುಡಿ ನಿಮ್ಮವ್ವ ತಂದದ್ದಲ್ಲ. ಹುಣ್ಣಿಮಿಗೊಮ್ಮೆ ಯಲ್ಲವ್ವನ ಗುಡ್ಡದ ನೆವಾ ಹೇಳಿ ಹೋಗಿ, ಉಗರಗೋಳದಾಗ ಹಾದಿ ಮ್ಯಾಲೆ ಕುಂಡರತಿದ್ದ ಒಬ್ಬಾವನ ಕಡಿಂದ ನಾನ ತರತಿದ್ದೆ. ಸೆಪ್ಟೆಂಬರಿಗಿ ಅವ ಜಾಗಾ ಖಾಲಿ ಮಾಡಿದ್ದ. ಪಂಚಮಿಗೆ ನಿಮ್ಮವ್ವ ಮೊಣಕಾಲ ಹಿಡಕೊಂಡು ಏಳೂದು ನೋಡಿ, ಉಡಿ ತುಂಬುವಾಗ ಅಕ್ಕಿ ಕೊಬ್ಬರಿ ಕೆಳಗ ಎರಡು ಪ್ಯಾಕೀಟ ಇಟ್ಟಾಕಿನೂ ನಾನ. ತವರಿನ ಉಡಿಯಾಗ ಬಿದ್ದದ್ದನ್ನ ಹೆಣಮಗಳು ಒಗಿಯೂದಿಲ್ಲ, ಮಂದಿ ಮುಂದ ಆಡಿ ತೋರಸೂದಿಲ್ಲ. ದವಾಖಾನ್ಯಾಗ ನೀ ಎದುರಿಗಿ ನಿಂತಿದ್ದಿ. ನಿನ್ನ ಜೋಕಾಲಿ ಮಾತ ನೆನಪಾಗಿ ನನ್ನ ಹೆಸರ ಹೇಳಾಕ ನಾಲಿಗಿ ಏಳಲಿಲ್ಲ. ಮಗಳ ಹೆಸರ ಹೇಳಿದೆ. ಅಕಿ ಅದನ್ನೂ ಉಡಿಯಾಗ ಹಾಕ್ಕೊಂಡ್ಲು.

ಹ್ವಾದ ಮಂಗಳವಾರ ಬಂದು ಆ ಎರಡೂ ಪ್ಯಾಕೀಟ ನನ್ನ ಮುಂದ ಇಟ್ಲು. ಒಡದಿದ್ದಿಲ್ಲ. ನಾ ಹಚ್ಚಿದ ಕುಂಕುಮ ಇನ್ನೂ ಇತ್ತು. "ಗಂಗಾ ಬ್ಯಾಡ ಅಂದಿದ್ಲು, ಅದಕ್ಕ ಬಾಯಾಗ ಹಾಕ್ಕೊಳ್ಳಲಿಲ್ಲ ಯವ್ವಾ. ನೀ ಉಡಿ ತುಂಬಿದ್ದಿ, ಅದಕ್ಕ ಒಗೀಲಿಲ್ಲ. ದೇವರ ಜಗಲಿ ಮ್ಯಾಲೆ ಇಟ್ಟಿದ್ದೆ" ಅಂದ್ಲು. ಈ ಮನಿತನದಾಗ ನಿನ್ನ ಮಾತ ಕೇಳಿದಾಕಿ ಅಕಿ ಒಬ್ಬಾಕಿನ. ನೀ ಮಾತ ಬಿಟ್ಟದ್ದೂ ಅಕಿ ಕೂಡನ.

ಪ್ಯಾಕೀಟ ಡಾಕ್ಟರ್ ಕೈಯಾಗ ಕೊಟ್ಟೇನಿ. ಕಲ್ಮೇಶಗೂ ರಾಜೇಶ್ವರಿಗೂ ಖರೆ ಹೇಳೇನಿ. ನನಗ ಎಷ್ಟ ಬೈತಿ ಬೈ, ಮಾರಿ ಎತ್ತದ ಕೇಳತೇನಿ. ಆದ್ರ ಡಿಸೆಂಬರ್ ಹುಟ್ಟೂದರೊಳಗ ನಿನ್ನ ಉತ್ತರ ನನಗ ಮುಟ್ಟಬೇಕು, ಅದೂ ಸುರೇಬಾನದಾಗ ನಿಮ್ಮವ್ವನ ಬಾಜೂಕ ಕುಂತು ಬರದದ್ದು.