ಅಡ್ಮಿರಲ್ ಹಡಗು ತಿರುಗಿಸಿದ್ದರು

ಸ್ಮಾರಕ ಇಲಾಖೆಯ ಮಾನ್ಯ ನಿರ್ದೇಶಕರೇ,

ಯುದ್ಧದಲ್ಲಿ ಶತ್ರುಗಳ ಕೈಲಾಗದ ಕೆಲಸವನ್ನು ತಾವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಅಜ್ಜನನ್ನು ಮುಳುಗಿಸಿದ್ದೀರಿ. ಬಂದರಿನ ವೃತ್ತದಲ್ಲಿ ನಿಲ್ಲಿಸಿರುವ ಅಡ್ಮಿರಲ್ ಸಾಹೇಬರ ಪ್ರತಿಮೆಯ ಕೆಳಗೆ 'ಯುದ್ಧದಲ್ಲಿ ಒಮ್ಮೆಯೂ ಹಡಗನ್ನು ಹಿಂದಕ್ಕೆ ತಿರುಗಿಸದ ಧೀರ' ಎಂದು ಕೆತ್ತಿಸಿದ್ದೀರಲ್ಲ, ಆ ಸಾಲು.

ಅಜ್ಜ ಆ ಯುದ್ಧದಲ್ಲಿ ಒಂದು ಸಣ್ಣ ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದ. ಟಾರ್ಪೆಡೊ ಬಡಿದು ಹಡಗು ಮುಳುಗಿತು. ಶತ್ರುವಿನ ಜಲಾಂತರ್ಗಾಮಿ ಇನ್ನೂ ಅಲ್ಲೇ ಸುತ್ತುತ್ತಿದೆ, ಯಾರೂ ನಿಲ್ಲಬೇಡಿ, ಮುಂದೆ ಹೋಗಿ ಎಂದು ದಡದ ಕಚೇರಿಯಿಂದ ಆಜ್ಞೆ. ಆ ಕಚೇರಿಯಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿದ್ದಿರಬೇಕು. ಅಡ್ಮಿರಲ್ಲರು ಉಳಿದ ಹಡಗುಗಳನ್ನು ಮುಂದೆ ಕಳಿಸಿ ತಾವಿದ್ದ ಹಡಗನ್ನು ಮಾತ್ರ ಹಿಂದಕ್ಕೆ ತಿರುಗಿಸಿದರು. ಹಗ್ಗದ ಬಲೆ ಇಳಿಬಿಟ್ಟು, ಎಣ್ಣೆ ಮೆತ್ತಿಕೊಂಡು ತೇಲುತ್ತಿದ್ದವರನ್ನು ಮೇಲೆತ್ತಿಸಿದರು. ಮೇಲಿಂದ ಬಗ್ಗಿ ಅವರು ಕೂಗಿದ್ದು ಅಜ್ಜನಿಗೆ ಇನ್ನೂ ನೆನಪಿದೆ: "ಬೇಗ ಬೇಗ ಹತ್ತಿ ಬನ್ರಯ್ಯಾ, ನಂಗೂ ಹೆದರಿಕೆ ಆಗ್ತಿದೆ!" ಕೆತ್ತಿಸುವುದಾದರೆ ಇದನ್ನು ಕೆತ್ತಿಸಬಹುದಿತ್ತು.

ಡೆಕ್ಕು ತೊಳೆಯುವುದರಿಂದ ಶುರುಮಾಡಿ ಇಡೀ ಪಡೆಯನ್ನು ನಡೆಸುವ ಮಟ್ಟಕ್ಕೇರಿದ ಆ ಮನುಷ್ಯನಿಗೆ ಸಿಕ್ಕ ಬಹುಮಾನವೇನು? ವಿಚಾರಣೆ. ಆಮೇಲೆ ಯುದ್ಧ ಮುಗಿಯುವವರೆಗೂ ಸಮುದ್ರವೇ ಕಾಣದ ಕೋಣೆಯಲ್ಲೊಂದು ಮೇಜು. ಬದುಕಿದ್ದಾಗ ತಿರುಗಿಸಿದ್ದಕ್ಕೆ ಶಿಕ್ಷೆ, ಸತ್ತ ಮೇಲೆ ತಿರುಗಿಸಲಿಲ್ಲವೆಂದು ಹೊಗಳಿಕೆ. ಪ್ರತಿಮೆ ಎದುರುತ್ತರ ಕೊಡುವುದಿಲ್ಲ ಎಂಬ ಧೈರ್ಯವೇ ತಮಗೆ?

ನೀರಿನಿಂದ ಎದ್ದವರಲ್ಲಿ ಈಗ ಉಳಿದಿರುವುದು ಅಜ್ಜ ಒಬ್ಬನೇ. ಅನಾವರಣದ ದಿನ ವೇದಿಕೆಯಲ್ಲಿ ಕೂರಲು ತಾವೇ ಆಹ್ವಾನ ಕಳಿಸಿದ್ದೀರಿ. ಖುಷಿಯಿಂದ ಕೋಟು ಇಸ್ತ್ರಿ ಮಾಡಿಸಿಕೊಂಡ. ಪ್ರತಿಮೆಗೆ ಪರದೆ ಹೊದಿಸುವ ಮೊದಲೇ ಒಮ್ಮೆ ನೋಡೋಣವೆಂದು ಕೈಹಿಡಿದು ಕರೆದೊಯ್ದು, ಸಾಲನ್ನು ಓದಿ ಹೇಳಿದೆ.

"ಇನ್ನೊಂದ್ಸಲ ಓದೋ."

ಓದಿದೆ.

"ಹಾಗಾದ್ರೆ ನನ್ನನ್ನ ನೀರಿಂದ ಎತ್ತಿದ್ದು ಯಾರೋ? ನಿಮ್ಮಜ್ಜಿನಾ?"

ನಾನು ನಕ್ಕೆ, ಅಜ್ಜ ನಗಲಿಲ್ಲ. "ಈ ಸುಳ್ಳಿನ ಪಕ್ಕ ಕೂತು ಚಪ್ಪಾಳೆ ಬೇರೆ ತಟ್ಲಾ? ನಾನು ಬರಲ್ಲ" ಎಂದ. ಕೋಟು ಅವತ್ತಿನಿಂದ ಕುರ್ಚಿಯ ಬೆನ್ನಿಗೇ ನೇತಾಡುತ್ತಿದೆ.

ತಮ್ಮ ಕಚೇರಿಗೆ ಬಂದೆ. "ತಿರುಗಿಸಿದ ಅಂತ ಬರೆದ್ರೆ ಓಡಿಹೋದ ಅಂದ್ಕೋತಾರಪ್ಪಾ ಜನ" ಎಂದರು ತಮ್ಮ ಸಹಾಯಕರು. ಆದಕಾರಣ ನಾನು ಏಣಿ ಹಾಕಿ ಸಾಹೇಬರ ಕೊರಳಿಗೊಂದು ಬೋರ್ಡು ತೂಗುಹಾಕಿದೆ: 'ಕ್ಷಮಿಸಿ, ನಾನು ತಿರುಗಿಸಿದ್ದೆ.' ಕೂಡಲೇ ಪ್ರತಿಮೆಗೆ ಅವಮಾನ ಮಾಡಿದ್ದೇಕೆಂದು ನನಗೆ ನೋಟಿಸು ಬಂತು. ಇಲಾಖೆಗೆ ಇಷ್ಟು ವೇಗವೂ ಇದೆಯೆಂದು ತಿಳಿದು ಧನ್ಯನಾದೆ.

ಉತ್ತರ ಇಗೋ. ತಮ್ಮ ಕಲ್ಲಿನ ಪ್ರಕಾರ ಹಡಗು ತಿರುಗಲಿಲ್ಲ. ಅಂದಮೇಲೆ ಅಜ್ಜ ಮದುವೆಗೆ ಮುಂಚೆಯೇ ಮುಳುಗಿದ, ನಮ್ಮಮ್ಮ ಹುಟ್ಟಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಇಲ್ಲದವನು ಏಣಿ ಹತ್ತಿದ್ದು ಹೇಗೆ? ಸಾಲು ನಿಜವಾದರೆ ನೋಟಿಸು ವಾಪಸ್ಸು ತೆಗೆದುಕೊಳ್ಳಿ. ನೋಟಿಸು ನಿಜವಾದರೆ ಸಾಲನ್ನು ಅಳಿಸಿ, 'ಮುಳುಗುತ್ತಿದ್ದವರಿಗಾಗಿ ಹಡಗು ತಿರುಗಿಸಿದರು' ಎಂದು ಕೆತ್ತಿಸಿ. ಅಜ್ಜನಿಗೆ ವೇದಿಕೆಯ ಮೆಟ್ಟಿಲು ಹತ್ತುವ ಶಕ್ತಿ ಇರುವಾಗಲೇ ಕೆತ್ತಿಸಿ.

ಹಿಂದಕ್ಕೆ ತಿರುಗಲು ತಮಗೆ ಹೆದರಿಕೆಯಾದರೆ ಪರವಾಗಿಲ್ಲ. ಸಾಹೇಬರಿಗೂ ಆಗಿತ್ತು.

ಇಂತಿ,
ತಮ್ಮ ಕಲ್ಲಿನ ಪ್ರಕಾರ ಇನ್ನೂ ಹುಟ್ಟದಿರುವ,
ಬಾಯ್ಲರ್ ಅಜ್ಜನ ಮೊಮ್ಮಗ