ಅಮ್ಮನ ಕಿಟಕಿಯೆದುರಿನ ಚೆಂಡುಹೂ

ನಿಕನೋರ್,

ಬೆಳಗಾದೊಡನೆ ಕುಂಡಗಳನ್ನು ಅಂಗಳದ ಬಿಸಿಲಿಗಿಡು. ಸಂಜೆ ಗೋಡೆಯ ಬದಿಗೆ, ಅವುಗಳ ಜಾಗಕ್ಕೇ ಮರಳಿಸು. ಅನಂತರ ಸಂಪೂರ್ಣ ಕತ್ತಲೆಯಿರಲಿ. ನಾನು ಸಂತೆಯ ದೋಣಿಯಲ್ಲಿ ಹೊರಟಿದ್ದೇನೆ, ನಾಳೆ ಬರುತ್ತೇನೆ.

ಚೆಂಡುಹೂವಿಗೆ ಹಗಲಿನ ಬಿಸಿಲು ಎಷ್ಟು ಮುಖ್ಯವೋ ರಾತ್ರಿಯ ಕತ್ತಲೆಯೂ ಅಷ್ಟೇ ಮುಖ್ಯ. ಇರುಳಲ್ಲಿ ಬೆಳಕು ಬಿದ್ದರೆ ಗಿಡ ಮೊಗ್ಗು ಬಿಡದು. ಅದಕ್ಕೇ ಕಳೆದ ತಿಂಗಳು ನಾನು ಜಗಲಿಯ ಬಲ್ಬು ಬಿಚ್ಚಿದೆ. "ಅಮ್ಮಂಗೆ ಕತ್ಲಂದ್ರೆ ಭಯ ಅಕ್ಕಾ, ಒಂದ್ ದೀಪ ಉರಿದ್ರೆ ನಿನ್ ವಿಜ್ಞಾನದ ಗಂಟೇನ್ ಹೋಗುತ್ತೆ?" ಎಂದು ನೀನು ರೇಗಿದೆಯಲ್ಲ, ಕೇಳು. ತೀರಿಕೊಂಡ ಮೇಲೆ ಸತ್ತವರ ಹಬ್ಬಕ್ಕೆ ಅಮ್ಮ ಮನೆಗೆ ಬರುವುದು ಇದೇ ಮೊದಲ ವರ್ಷ. ಬಾಗಿಲಿನಿಂದ ಎಡೆಯ ಮೇಜಿನವರೆಗೆ ಈ ಹೂವಿನ ಎಸಳು ಹಾಸದಿದ್ದರೆ ಅವಳಿಗೆ ದಾರಿ ತಿಳಿಯುವುದಿಲ್ಲ. ಕೊಂಡು ತಂದ ಹೂವನ್ನು ಅವಳು ಎಂದೂ ಒಪ್ಪಿದವಳಲ್ಲ.

ತಮಾಲೆ ಕಡುಬು ಒಲೆಯ ಮೇಲಿದೆ. ಹಸಿದುಕೊಂಡಿರಬೇಡ.

ನಿನ್ನೆ ಕುಂಡಗಳನ್ನೆಲ್ಲ ಪರೀಕ್ಷಿಸಿದೆ. ಉಳಿದವೆಲ್ಲ ಮೊಗ್ಗಾಗಿವೆ, ಅಮ್ಮನ ಕೋಣೆಯ ಕಿಟಕಿಯೆದುರಿನವು ಮಾತ್ರ ಆಗಿಲ್ಲ. ನೆರೆಮನೆಯ ಬೆಳಕು ಅಲ್ಲಿಗೆ ತಲುಪುವುದಿಲ್ಲ. ಕೋಣೆಗೆ ಬೀಗವಿದೆ, ಅವಳು ಹೋದಂದಿನಿಂದ ಕೀಲಿಕೈ ನನ್ನ ಕೊರಳಲ್ಲೇ ಇದೆ. ನನ್ನ ತೀರ್ಮಾನವಿಷ್ಟು: ಆ ಗಿಡಗಳ ಮೇಲೆ ರಾತ್ರಿಯ ಹೊತ್ತು ಕೋಣೆಯ ಒಳಗಿನಿಂದ ಬೆಳಕು ಬೀಳುತ್ತಿದೆ.